ಕಾರ್ಡ್ ಇದ್ದರಷ್ಟೇ ಸಾಲದು: ಸರ್ಕಾರಿ ಖರ್ಚಿನ ಚಿಕಿತ್ಸೆಗೆ ಮೊದಲು ಎಲ್ಲಿಗೆ ಹೋಗಬೇಕು?

ಹಳೇ ಹುಬ್ಬಳ್ಳಿ: ಮನೆಯಲ್ಲಿ ಯಾರಿಗಾದರೂ ಆಪರೇಷನ್ ಅಂದ ಕೂಡಲೇ ಬಹಳ ಮಂದಿ ಹೇಳೋದು ಒಂದೇ ಮಾತು: “ಕಾರ್ಡ್ ಐತಲ್ಲ, ಎಲ್ಲಾ ಫ್ರೀ ಆಗತೈತಿ.” ಇದು ಅರ್ಧ ಮಾತ್ರ ಖರೆ. ಸರ್ಕಾರ ಎಷ್ಟು ಕೊಡುತ್ತದೆ ಅನ್ನೋದು ಪಡಿತರ ಚೀಟಿಯ ಮೇಲಿದೆ. ಕೊಡುತ್ತದೋ ಇಲ್ಲವೋ ಅನ್ನೋದು ಬಹಳ ಸಲ ರೋಗಿಯನ್ನು ಮೊದಲು ಎಲ್ಲಿಗೆ ಕರೆದೊಯ್ದರು ಅನ್ನೋದರ ಮೇಲಿದೆ.

ಯೋಜನೆ ಯಾವುದು?

2010ರಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಬಿಪಿಎಲ್ ಕುಟುಂಬಗಳ ದೊಡ್ಡ ಕಾಯಿಲೆಗಳ ಖರ್ಚು ನೋಡಿಕೊಳ್ಳುತ್ತಿತ್ತು. ಇಂಥ ಯೋಜನೆಗಳನ್ನು ಕೂಡಿಸಿ 2018ರ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ ಬಂತು. ಅದೇ ವರ್ಷ ಅಕ್ಟೋಬರ್ 30ರಿಂದ ಅದು ಕೇಂದ್ರದ ಆಯುಷ್ಮಾನ್ ಭಾರತ ಜೊತೆ ಒಂದಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಹಣ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ, ರೋಗಿಯ ಕೈಗಲ್ಲ. ಹಿಂಗಾಗಿ ಮೊದಲು ಬಿಲ್ ಕಟ್ಟಿ, ಆಮ್ಯಾಲೆ ವಾಪಸ್ ತಗೊಂಡರಾಯ್ತು ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಯಾರಿಗೆ ಎಷ್ಟು?

* ಬಿಪಿಎಲ್, ಅಂತ್ಯೋದಯ: ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ.
* ಎಪಿಎಲ್: ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿ.

ಅಂಗಡಿಕಾರರು ಎಡವೋದು ಇಲ್ಲೇ. ಪ್ಯಾಕೇಜ್ ದರ 60,000 ರೂಪಾಯಿ ಇದ್ದರೆ ಎಪಿಎಲ್ ಕುಟುಂಬಕ್ಕೆ ಸಿಗೋದು 18,000. ಉಳಿದ 42,000 ಕೈಯಿಂದಲೇ ಹಾಕಬೇಕು. ಆದಾಯ ತೆರಿಗೆ ಕಟ್ಟುವವರಿಗೆ ಬಿಪಿಎಲ್ ಚೀಟಿ ಇಲ್ಲ. 2024ರ ನವೆಂಬರ್‌ನಲ್ಲಿ ಚೀಟಿ ಪರಿಷ್ಕರಣೆ ದೊಡ್ಡ ಗದ್ದಲವಾಗಿದ್ದು ನೆನಪಿರಬಹುದು. ಚೀಟಿ ಬದಲಾದರೆ ಹೋಗೋದು ಬರೇ ಅಕ್ಕಿ ಅಲ್ಲ, ಆಸ್ಪತ್ರೆಯ ಲೆಕ್ಕವೂ ಬದಲಾಗುತ್ತದೆ. ನಿಮ್ಮ ಚೀಟಿ ಈಗ ಯಾವ ವರ್ಗದಲ್ಲಿದೆ ಅಂತ ಆರಾಮ ಇದ್ದಾಗಲೇ ನೋಡಿಕೊಳ್ಳಿ.

ಮೊದಲು ಎಲ್ಲಿಗೆ?

ಮೊದಲು ಸರ್ಕಾರಿ ಆಸ್ಪತ್ರೆಗೆ. ಹುಬ್ಬಳ್ಳಿ ಮಂದಿಗೆ ದೊಡ್ಡಾಸ್ಪತ್ರೆ ಅಂದರೆ ವಿದ್ಯಾನಗರದ ಕಿಮ್ಸ್. 1957ರಲ್ಲಿ ಕೆಎಂಸಿ ಆಗಿ ಶುರುವಾದದ್ದು. ಬೇಕಾದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಅಲ್ಲಿನ ವೈದ್ಯರು ರೆಫರಲ್ ಚೀಟಿ ಬರೆದುಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ರೆಫರಲ್ ಇಲ್ಲದೇ ನೇರ ಖಾಸಗಿಗೆ ಹೋಗಿ ದಾಖಲಾದರೆ ಖರ್ಚು ಮನೆಯವರ ಮೇಲೇ ಬೀಳುತ್ತದೆ.

ತುರ್ತು ಚಿಕಿತ್ಸೆಗೆ ಮಾತ್ರ ಈ ನಿಯಮ ಇಲ್ಲ. ಯೋಜನೆ ಶುರುವಾದಾಗಿನ 1,650 ಚಿಕಿತ್ಸೆಗಳ ಪಟ್ಟಿಯಲ್ಲಿ 169 ತುರ್ತು ಚಿಕಿತ್ಸೆಗಳನ್ನು ರೆಫರಲ್ ಇಲ್ಲದೇ ಪಡೆಯಬಹುದಿತ್ತು. ಆದರೆ ಆಸ್ಪತ್ರೆ ಪಟ್ಟಿಯಲ್ಲಿರಲೇಬೇಕು.

ಜ್ವರ, ಬಿಪಿ, ಶುಗರ್‌ಗೆ?

ಕ್ಲಿನಿಕ್‌ನಲ್ಲಿ ತೋರಿಸಿಕೊಂಡು ಬರುವ ಖರ್ಚು ಈ ಕಾರ್ಡಿನಲ್ಲಿ ಬರೋದಿಲ್ಲ. ಅದಕ್ಕೆ ನಗರ ಆರೋಗ್ಯ ಕೇಂದ್ರ, ಪಾಲಿಕೆಯ ಚಿಟಗುಪ್ಪಿ ಆಸ್ಪತ್ರೆ, ನಮ್ಮ ಕ್ಲಿನಿಕ್ ಇವೆ. 2022ರ ಡಿಸೆಂಬರ್ 14ರಂದು ರಾಜ್ಯದ 100 ನಮ್ಮ ಕ್ಲಿನಿಕ್‌ಗಳಿಗೆ ಚಾಲನೆ ಸಿಕ್ಕಿದ್ದು ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲೇ. ಅಲ್ಲಿ ತಪಾಸಣೆ, ಔಷಧ ಉಚಿತ.

ಕೈಯಲ್ಲಿ ಏನಿರಬೇಕು?

* ರೋಗಿಯ ಆಧಾರ್ ಮತ್ತು ಪಡಿತರ ಚೀಟಿ. ಚೀಟಿಯಲ್ಲಿ ರೋಗಿಯ ಹೆಸರು ಇರಬೇಕು.
* ಆಯುಷ್ಮಾನ್ ಕಾರ್ಡ್ ಇದ್ದರೆ ಅದೂ ಇರಲಿ.
* ರೆಫರಲ್ ಚೀಟಿ ಮತ್ತು ಅದರ ಒಂದು ಜೆರಾಕ್ಸ್.

ದಾಖಲಾಗುವ ಮೊದಲೇ ಆಸ್ಪತ್ರೆಯ ‘ಆರೋಗ್ಯ ಮಿತ್ರ’ರನ್ನು ಕಂಡು, ಚಿಕಿತ್ಸೆ ಯೋಜನೆಯೊಳಗೆ ಬರುತ್ತದೋ ಇಲ್ಲೋ ಕೇಳಿ. ಗೊಂದಲ ಇದ್ದರೆ 14555ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ಗೆ 108. ಅಡ್ಮಿಟ್ ಆಗೋ ಮೊದಲು ಕೇಳುವ ಈ ಒಂದು ಮಾತು ಮನೆ ಬಂಗಾರ ಅಡವಿಡೋದನ್ನು ತಪ್ಪಿಸಬಹುದು.