ಹುಚ್ಚುನಾಯಿ ಕಡಿತದ ಚಿಕಿತ್ಸೆ

ಬೀದಿಯ ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದಾಗ, ಪರಚಿದಾಗ, ಇಲ್ಲವೆ ಗಾಯಗೊಂಡ ಚರ್ಮವನ್ನು ನೆಕ್ಕಿದಾಗ, ಆ ಪ್ರಾಣಿಯ ಜೊಲ್ಲಿನಲ್ಲಿ ರೇಬೀಸ್ ರೋಗದ ವೈರಾಣು ಇದ್ದಿರಬಹುದೆಂಬ ಶಂಕೆಯಿಂದ, ರೋಗವು ತಲೆದೋರುವುದಕ್ಕೆ ಮೊದಲೇ ಅದನ್ನು ತಡೆಯಲೆಂದು ಕೈಕೊಳ್ಳುವ ಉಪಚಾರಕ್ರಮ. ಗಾಯವನ್ನು ತೊಳೆಯುವುದು, ಲಸಿಕೆ ಹಾಕಿಸುವುದು, ರಕ್ತ ಬರುವಂತೆ ಹಲ್ಲು ನಾಟಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ್ರವವನ್ನು ಗಾಯಕ್ಕೇ ಚುಚ್ಚುವುದು, ಈ ಮೂರೂ ಸೇರಿ ಒಂದು ಚಿಕಿತ್ಸೆಯಾಗುತ್ತದೆ. ರೋಗಲಕ್ಷಣಗಳು ಪ್ರಕಟವಾದ ಮೇಲೆ ಬದುಕಿ ಉಳಿದವರು ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟು ಮಂದಿ. ಅದಕ್ಕೆ ಮೊದಲು ಕ್ರಮವರಿತು ಚಿಕಿತ್ಸೆ ಪಡೆದವರಲ್ಲಿ ಸಾವು ಅತ್ಯಂತ ವಿರಳ. ಇಷ್ಟು ನಿಶ್ಚಿತವಾದ ಮರಣವೂ ಇಷ್ಟು ನಿಶ್ಚಿತವಾದ ನಿವಾರಣೋಪಾಯವೂ ಒಂದೇ ವ್ಯಾಧಿಯಲ್ಲಿ ಕೂಡಿರುವುದು ಅಪೂರ್ವವೆಂದೇ ಹೇಳಬೇಕು.

ಈ ವೈರಾಣು ರಕ್ತದೊಡನೆ ಹರಿದು ಮೈಯೆಲ್ಲ ವ್ಯಾಪಿಸತಕ್ಕದ್ದಲ್ಲ. ಕಡಿದೆಡೆಯ ಮಾಂಸದಲ್ಲಿ ಕೆಲಕಾಲ ನೆಲೆನಿಂತು, ಅಲ್ಲಿನ ನರತಂತುವಿನ ತುದಿಯನ್ನು ಹೊಕ್ಕು, ನರದ ಒಳಗಿಂದಲೇ ಮೆಲ್ಲಮೆಲ್ಲನೆ ಬೆನ್ನುಹುರಿಗೂ ಅಲ್ಲಿಂದ ಮಿದುಳಿಗೂ ಏರುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುವುದುಂಟು. ಒಂದು ವಾರದಲ್ಲಿ ಮುಗಿದುದೂ, ವರ್ಷಕ್ಕೆ ಮೀರಿ ಎಳೆದುದೂ ಉಂಟು. ಮುಖ, ತಲೆ, ಕುತ್ತಿಗೆಗಳ ಕಡಿತವು ಮಿದುಳಿಗೆ ಸಮೀಪವಾದುದರಿಂದಲೂ, ಬೆರಳ ತುದಿಗಳಲ್ಲಿ ನರಗಳು ದಟ್ಟವಾಗಿರುವುದರಿಂದಲೂ ಆ ಎಡೆಗಳ ಗಾಯವನ್ನು ವಿಶೇಷ ಭಯದಿಂದ ಕಾಣಬೇಕು. ಮಕ್ಕಳು ಎತ್ತರದಲ್ಲಿ ನಾಯಿಯ ಮೋರೆಗೆ ಸಮನಾಗಿರುವುದರಿಂದ ಅವರಿಗೆ ಇಂತಹ ಕಡಿತವೇ ಹೆಚ್ಚು. ರೇಬೀಸಿನಿಂದ ಸಾಯುವವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗಾಯ ಮಾಯ್ದು, ಕಲೆಯೂ ಮಾಸಿ, ಮನೆಯವರು ಮರೆತುಬಿಟ್ಟಿರುವ ಕಾಲದಲ್ಲಿ ಆ ಹಳೆಯ ಗಾಯದ ಎಡೆಯಲ್ಲಿ ಜುಮುಗುಡುವಿಕೆಯೂ ಉರಿಯೂ ಕಾಣಿಸಿ, ಜ್ವರ ಬಂದು, ನೀರನ್ನು ಕಂಡರೆ ಗಂಟಲು ಸೆಟೆದುಕೊಂಡು, ಬೀಸಣಿಗೆಯ ಗಾಳಿಗೂ ಮೈ ಬೆಚ್ಚತೊಡಗಿದರೆ ಮುಂದೆ ಉಳಿದಿರುವುದು ಕೆಲವೇ ದಿನಗಳ ಆಯುಷ್ಯ. ಪ್ರಾಚೀನ ಆಯುರ್ವೇದ ಗ್ರಂಥವಾದ ಸುಶ್ರುತಸಂಹಿತೆಯ ಕಲ್ಪಸ್ಥಾನವೆಂಬ ಭಾಗವೂ ಜಲತ್ರಾಸ, ಎಂದರೆ ನೀರಿನ ಈ ಭಯ, ಮೂಡಿದ ರೋಗಿಯನ್ನು ಅಸಾಧ್ಯನೆಂದೇ ಹೇಳಿದೆ. ಆದುದರಿಂದ ಕಡಿತಕ್ಕೂ ಮಿದುಳಿಗೂ ನಡುವಣ ಈ ಅವಧಿಯೇ ಮನುಷ್ಯನಿಗೆ ದೊರೆತ ಏಕಮಾತ್ರ ಅವಕಾಶ. ಆ ಅವಧಿಯಲ್ಲಿ ಸೋಂಕು ತಗುಲಿದೆಯೋ ಇಲ್ಲವೋ ಎಂದು ತಿಳಿಸಬಲ್ಲ ರಕ್ತಪರೀಕ್ಷೆ ಯಾವುದೂ ಇಲ್ಲವಾಗಿ, ಶಂಕೆಯೇ ಚಿಕಿತ್ಸೆಗೆ ಸಾಕಾದ ಕಾರಣವೆನಿಸುತ್ತದೆ.

ಮೊದಲ ಉಪಚಾರ ನಡೆಯಬೇಕಾದುದು ಮನೆಯ ನಲ್ಲಿಯ ಕೆಳಗೆ, ಅಥವಾ ಬಾವಿಕಟ್ಟೆಯ ಬಳಿ ಚೊಂಬಿನಿಂದ ನೀರು ಸುರಿಯುತ್ತ. ವೈರಾಣುವಿನ ಹೊರಗವಚದಲ್ಲಿ ಕೊಬ್ಬಿನ ಅಂಶವಿರುವುದರಿಂದ ಸೋಪು ಅದನ್ನು ಒಡೆದುಹಾಕುತ್ತದೆ. ಬಟ್ಟೆ ಒಗೆಯುವ ಸೋಪಾದರೂ ಆದೀತು. ಗಾಯದ ತುಟಿಗಳನ್ನು ಬಿಡಿಸಿ, ಒಳಗೆ ನೀರು ಹೊಗುವಂತೆ, 15 ನಿಮಿಷ ಬಿಡದೆ ತೊಳೆಯತಕ್ಕದ್ದು. ಉರಿ ತಾಳಲಾರದೆ ಮಗು ಕಾಲೆಳೆದುಕೊಳ್ಳುತ್ತಿರುವಾಗ ಎರಡು ನಿಮಿಷವೇ ಹದಿನೈದಾಗಿ ತೋರುವುದು ಸಹಜವಾದುದರಿಂದ, ಪಕ್ಕದಲ್ಲೊಬ್ಬರು ಗಡಿಯಾರ ನೋಡುತ್ತಿರುವುದು ಮೇಲು. ಬಳಿಕ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕವನ್ನು ಹಚ್ಚಬಹುದು. ಸುಣ್ಣ, ಅರಿಶಿನ, ಮೆಣಸಿನಪುಡಿ, ಕಾಫಿಪುಡಿ, ಗಿಡದ ಹಾಲು, ಕಾದ ಕಬ್ಬಿಣ ಮೊದಲಾದವು ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಡೆದುಬರುತ್ತಿರುವ ಮದ್ದುಗಳು. ಇವು ಗಾಯವನ್ನು ಕೆರಳಿಸಿ ವೈರಾಣು ನರವನ್ನು ಹೊಗುವುದಕ್ಕೆ ಅನುಕೂಲ ಮಾಡಿಕೊಡುವುದಲ್ಲದೆ, ಮದ್ದಾಯಿತೆಂಬ ಸಮಾಧಾನದಲ್ಲಿ ಆಸ್ಪತ್ರೆಯ ದಾರಿಯನ್ನೇ ಮರೆಸುತ್ತವೆ. ಎರಡನೆಯದೇ ಹೆಚ್ಚಿನ ಕೇಡೆಂದು ಈ ಲೇಖಕನ ಅಭಿಪ್ರಾಯ. ಗಾಯಕ್ಕೆ ಬಿಗಿಯಾಗಿ ಪಟ್ಟಿ ಕಟ್ಟುವುದೂ, ಇಮ್ಯುನೊಗ್ಲಾಬ್ಯುಲಿನ್ ಕೊಡುವುದಕ್ಕೆ ಮೊದಲು ಹೊಲಿಗೆ ಹಾಕುವುದೂ ಕೂಡದು.

ಗಾಯಗಳನ್ನು ವೈದ್ಯರು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಪ್ರಾಣಿಯನ್ನು ಮುಟ್ಟುವುದು, ಮೇವು ಹಾಕುವುದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕುವುದು ಮೊದಲನೆಯ ವರ್ಗ. ಇದಕ್ಕೆ ತೊಳೆಯುವುದೊಂದೇ ಸಾಕು. ರಕ್ತ ಬಾರದ ತರಚುಗಾಯವೂ ಬರಿಯ ಚರ್ಮವನ್ನು ಕಚ್ಚಿ ಜಗ್ಗಿದುದೂ ಎರಡನೆಯದು. ಇದಕ್ಕೆ ಲಸಿಕೆ ಬೇಕು. ಚರ್ಮ ಹರಿದು ಹಲ್ಲು ನಾಟಿದ್ದರೆ, ಉಗುರಿನಿಂದಲೇ ಆದರೂ ರಕ್ತ ಜಿನುಗಿದ್ದರೆ, ಕಣ್ಣು ಬಾಯಿಗಳಿಗಾಗಲಿ ಹಸಿಗಾಯಕ್ಕಾಗಲಿ ಜೊಲ್ಲು ತಗುಲಿದ್ದರೆ ಅದು ಮೂರನೆಯ ವರ್ಗ. ಇದಕ್ಕೆ ಲಸಿಕೆಯೊಡನೆ ಇಮ್ಯುನೊಗ್ಲಾಬ್ಯುಲಿನ್ ಅನಿವಾರ್ಯ. ಗಾಯ ಸಣ್ಣದೆಂಬುದು ಇಲ್ಲಿ ಅಳತೆಯೇ ಅಲ್ಲ. ಸೂಜಿಮೊನೆಯಷ್ಟು ರಕ್ತ ಕಂಡರೂ ಮೂರನೆಯ ವರ್ಗವೇ.

ಲಸಿಕೆಯ ಚರಿತ್ರೆ 1885ರ ಜುಲೈ 6ರಂದು ಲೂಯಿ ಪಾಶ್ಚರ್ ಅಲ್ಸಾಸಿನ 9 ವರ್ಷದ ಬಾಲಕ ಜೋಸೆಫ್ ಮೈಸ್ಟರನಿಗೆ ಪ್ಯಾರಿಸಿನಲ್ಲಿ ಕೊಡಿಸಿದ ಚುಚ್ಚುಮದ್ದಿನಿಂದ ಮೊದಲಾಗುತ್ತದೆ. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಸ್ಥಾಪಿತವಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆಯು ಒಂದು ಶತಮಾನದ ಹತ್ತಿರ ಈ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಜನ ಇಂದಿಗೂ ಅಂಜುವುದು ಇದನ್ನೇ ನೆನೆದು. ನೋವಿನ ಮಾತು ಹಾಗಿರಲಿ, ಅಪರೂಪವಾಗಿ ಪಾರ್ಶ್ವವಾಯುವನ್ನೂ ಉಂಟುಮಾಡುತ್ತಿದ್ದ ಆ ಲಸಿಕೆಯನ್ನು 2004ರ ಕೊನೆಯ ಹೊತ್ತಿಗೆ ಕೈಬಿಡಲಾಯಿತು.

ಈಗಿನದು ಜೀವಕೋಶಗಳಲ್ಲಿ ಬೆಳೆಸಿ ನಿರ್ಜೀವಗೊಳಿಸಿದ ವೈರಾಣುವಿನ ಲಸಿಕೆ. ತೋಳಿನ ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ ಮೊದಲ ಚುಚ್ಚಿನ ದಿನವನ್ನು ಸೊನ್ನೆಯೆಂದೆಣಿಸಿ 0, 3, 7, 14, 28ನೆಯ ದಿನಗಳಂದು ಒಂದೊಂದು. ಚರ್ಮದ ಪದರದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೆಯ ದಿನಗಳಂದು ಎರಡೂ ತೋಳುಗಳಿಗೆ 0.1 ಮಿಲಿಲೀಟರಿನಂತೆ. ಈ ಎರಡನೆಯ ಕ್ರಮದಲ್ಲಿ ಮದ್ದು ಸರಿಯಾದ ಪದರಕ್ಕೆ ಇಳಿದುದಕ್ಕೆ ಗುರುತೆಂದರೆ, ಸೂಜಿ ತೆಗೆದೊಡನೆ ಆ ಎಡೆಯಲ್ಲಿ ಕಿತ್ತಳೆಯ ಸಿಪ್ಪೆಯಂತೆ ಸಣ್ಣ ಸಣ್ಣ ಕುಳಿಗಳುಳ್ಳ ಒಂದು ಬೊಬ್ಬೆ ಏಳುವುದು. ಅದು ಏಳದಿದ್ದರೆ ಮದ್ದು ಆಳಕ್ಕೆ ಹೋಗಿದೆಯೆಂದೇ ತಿಳಿದು ಮತ್ತೊಮ್ಮೆ ಚುಚ್ಚಬೇಕಾಗುತ್ತದೆ. ಎಳೆಯ ಮಕ್ಕಳಿಗೆ ತೊಡೆಯ ಹೊರಬದಿಯಲ್ಲಿ ಕೊಡುವುದುಂಟು. ಪೃಷ್ಠಭಾಗಕ್ಕೆ ಮಾತ್ರ ಎಂದಿಗೂ ಸಲ್ಲದು, ಅಲ್ಲಿನ ಕೊಬ್ಬಿನಲ್ಲಿ ಲಸಿಕೆಯ ಪ್ರಭಾವ ಕುಗ್ಗುತ್ತದೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಇದರಿಂದ ಬಾಧಕವಿಲ್ಲ. ಊಟದಲ್ಲಿ ಪಥ್ಯವೂ ಬೇಕಿಲ್ಲ. ತಡವಾಯಿತೆಂದು ಬಿಡತಕ್ಕದ್ದೂ ಅಲ್ಲ: ಕಚ್ಚಿ ವಾರಗಳೇ ಕಳೆದಿದ್ದರೂ ಲಕ್ಷಣ ಕಾಣದಿರುವ ತನಕ ಇಂದೇ ಕಚ್ಚಿತೆಂಬಂತೆ ಭಾವಿಸಿ ಚಿಕಿತ್ಸೆಯನ್ನು ಆರಂಭಿಸಬೇಕು.

ಲಸಿಕೆಯಿಂದ ದೇಹವು ತಾನೇ ಪ್ರತಿಕಾಯಗಳನ್ನು ಉತ್ಪಾದಿಸಿಕೊಳ್ಳುವುದಕ್ಕೆ ಒಂದೆರಡು ವಾರ ಬೇಕು. ಅಷ್ಟರೊಳಗೆ ಗಾಯದಲ್ಲಿರುವ ವೈರಾಣುವನ್ನು ಅಲ್ಲಿಯೇ ಕಟ್ಟಿಹಾಕುವ ಕೆಲಸ ಇಮ್ಯುನೊಗ್ಲಾಬ್ಯುಲಿನ್ನಿನದು. ಕುದುರೆಯ ರಕ್ತದಿಂದ ಪಡೆದುದಾದರೆ ದೇಹತೂಕದ ಕಿಲೋಗ್ರಾಮಿಗೆ 40 ಯೂನಿಟ್, ಮನುಷ್ಯರಕ್ತದಿಂದ ಪಡೆದುದಾದರೆ 20 ಯೂನಿಟ್ ಗರಿಷ್ಠ ಪ್ರಮಾಣ. ಅದನ್ನು ಪ್ರತಿಯೊಂದು ಗಾಯದ ಒಳಗೂ ಅಂಚಿಗೂ ತುಂಬಬೇಕು. ಗಾಯಗಳು ಹಲವಾಗಿದ್ದು ಮದ್ದು ಸಾಲದಾದರೆ ಲವಣಜಲ ಬೆರೆಸಿ ಹಿಗ್ಗಿಸಿಕೊಳ್ಳಬಹುದು. ಬೆರಳ ತುದಿಯ ಗಾಯಕ್ಕೆ ಹೀಗೆ ಚುಚ್ಚುವಾಗ ಬೆರಳು ಬಿಗಿದು ಬಿಳಿಚಿಕೊಳ್ಳುತ್ತದೆ, ಮಗು ಚೀರುತ್ತದೆ, ನೋಡುತ್ತ ನಿಂತ ತಂದೆತಾಯಿಗಳು ಸಾಕು ಬಿಡಿ ಸ್ವಾಮಿ ಎನ್ನುತ್ತಾರೆ. ಈ ಕ್ಲೇಶಕ್ಕೆ ಅಂಜಿ ಎಲ್ಲವನ್ನೂ ತೋಳಿಗೆ ಚುಚ್ಚಿ ಮುಗಿಸಿದರೆ ಅದರ ಉದ್ದೇಶವೇ ಕೆಡುತ್ತದೆ. ಮೊದಲ ಲಸಿಕೆಯ ದಿನವೇ ಇದನ್ನು ಕೊಡುವುದು ಉಚಿತ. ತಪ್ಪಿದರೆ ಏಳನೆಯ ದಿನದವರೆಗೆ ಕೊಡಬಹುದು, ಅಲ್ಲಿಂದ ಮುಂದೆ ಪ್ರಯೋಜನವಿಲ್ಲ. ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ದೊರೆತರೂ ಇಮ್ಯುನೊಗ್ಲಾಬ್ಯುಲಿನ್ನಿಗಾಗಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾಗಿ ಬರುವುದುಂಟು. ಬಸ್ಸಿನ ಖರ್ಚಿಗೆ ಹಿಂಜರಿದು ಲಸಿಕೆಯೊಂದರಲ್ಲಿಯೇ ತೃಪ್ತರಾಗುವುದು ದೊಡ್ಡ ಅನರ್ಥ.

ಕಚ್ಚಿದ ನಾಯಿಯನ್ನು ಅಟ್ಟಿಸಿಕೊಂಡು ಹೋಗಿ ಬಡಿದು ಕೊಲ್ಲುವುದು ನಮ್ಮಲ್ಲಿ ಬೇಗ ನಡೆದುಹೋಗುವ ಕೃತ್ಯ. ಆ ನಾಯಿ ಬದುಕಿದ್ದರೆ ಅದರಿಂದ ತಿಳಿಯಬಹುದಾದುದು ಬಹಳ. ರೋಗಗ್ರಸ್ತವಾದ ನಾಯಿಯ ಅಥವಾ ಬೆಕ್ಕಿನ ಜೊಲ್ಲಿನಲ್ಲಿ ವೈರಾಣು ಕಾಣಿಸಿಕೊಂಡ ಮೇಲೆ ಅದು ಹತ್ತು ದಿನದೊಳಗೆ ಸಾಯುವುದು ಬಹುಮಟ್ಟಿಗೆ ನಿಶ್ಚಿತ. ಹತ್ತು ದಿನ ಕಳೆದೂ ಅದು ಉಂಡು ತಿರುಗಾಡಿಕೊಂಡಿದ್ದರೆ ವೈದ್ಯರ ಸಲಹೆ ಪಡೆದು ಉಳಿದ ಚುಚ್ಚುಗಳನ್ನು ನಿಲ್ಲಿಸಬಹುದು. ಆದರೆ ಈ ಹತ್ತು ದಿನ ಕಾಯುವುದಕ್ಕೆಂದು ಮೊದಲ ಲಸಿಕೆಯನ್ನು ಮುಂದೂಡುವುದು ಸರಿಯಲ್ಲ. ಬೀದಿನಾಯಿ ನಾಳೆಯೇ ಕಣ್ಮರೆಯಾದೀತು. ಕೋತಿ, ನರಿ, ತೋಳ, ಮುಂಗುಸಿಗಳಿಗೆ ಈ ಹತ್ತು ದಿನದ ನಿಯಮ ಅನ್ವಯಿಸುವುದೂ ಇಲ್ಲ. ಮನೆಯ ಇಲಿ ಕಚ್ಚಿದರೆ ಸಾಮಾನ್ಯವಾಗಿ ಈ ಚಿಕಿತ್ಸೆ ಬೇಕಾಗದು.

ಹುಚ್ಚು ಹಿಡಿದು ಸತ್ತ ಹಸುವಿನ ಹಾಲನ್ನು ಕುಡಿದವರೆಲ್ಲ ಗಾಬರಿಯಿಂದ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಲ್ಲುವುದು ಹಳ್ಳಿಗಳಲ್ಲಿ ಆಗಾಗ್ಗೆ ಕಾಣುವ ನೋಟ. ಕಾಯಿಸಿದ ಹಾಲಿನಿಂದ ಈ ರೋಗ ಬಾರದು. ಅದೇ ಹಸುವಿನ ಬಾಯಿಗೆ ಕೈಯಿಟ್ಟು ಮದ್ದು ಕುಡಿಸಿದವನಿಗೆ, ಅವನ ಕೈಯಲ್ಲಿ ಗಾಯವಿದ್ದರೆ, ಚಿಕಿತ್ಸೆ ಅವಶ್ಯ.

ಹಿಂದೊಮ್ಮೆ ಪೂರ್ಣಕ್ರಮದಲ್ಲಿ ಲಸಿಕೆ ಪಡೆದವರಿಗೆ ಮತ್ತೆ ನಾಯಿ ಕಚ್ಚಿದರೆ 0 ಮತ್ತು 3ನೆಯ ದಿನಗಳ ಎರಡೇ ಚುಚ್ಚು ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಡ; ಗಾಯ ತೊಳೆಯುವುದು ಮಾತ್ರ ಎಂದಿನಂತೆಯೇ. ಪಶುವೈದ್ಯರು, ನಾಯಿ ಹಿಡಿಯುವವರು, ಪ್ರಯೋಗಶಾಲೆಯವರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳುವುದು ಇದೇ ಅನುಕೂಲಕ್ಕಾಗಿ. ಹಿಂದಿನ ಚಿಕಿತ್ಸೆಗೆ ಬಾಯಿಮಾತಿನ ಆಧಾರ ಸಾಲದು. ತಾರೀಖುಗಳನ್ನು ಬರೆದುಕೊಟ್ಟ ಆಸ್ಪತ್ರೆಯ ಚೀಟಿಯನ್ನು ಮನೆಯ ಪತ್ರಗಳೊಡನೆ ಕಾಪಾಡಿ ಇಟ್ಟುಕೊಂಡಿರಬೇಕು, ಅದಿಲ್ಲದವರಿಗೆ ವೈದ್ಯರು ಪೂರ್ಣ ಚಿಕಿತ್ಸೆಯನ್ನೇ ಮತ್ತೆ ಮೊದಲಿನಿಂದ ಕೊಡುತ್ತಾರೆ.