ಚಿಲ್ಲರೆ ಇಲ್ಲದಾಗ ಅಂಗಡಿಯವರೇ ಹೊರಡಿಸಿದ ತಾಮ್ರದ ಟೋಕನ್‌ಗಳು

ಚಿಲ್ಲರೆ ಇಲ್ಲವೆಂದು ಅಂಗಡಿಯವರು ಚಾಕಲೇಟು ಕೈಗಿಡುವುದು ನಮಗೆಲ್ಲ ಗೊತ್ತಿರುವ ಸಂಗತಿ. ಹದಿನೆಂಟನೇ ಶತಮಾನದ ಬ್ರಿಟನ್ನಿನಲ್ಲಿ ಇದೇ ತಾಪತ್ರಯ ವಿಪರೀತವಾದಾಗ ಗಣಿ ಮಾಲೀಕರು, ವ್ಯಾಪಾರಿಗಳು ತಾವೇ ತಾಮ್ರದ ಬಿಲ್ಲೆಗಳನ್ನು ಅಚ್ಚು ಹಾಕಿಸಿ ಹಣದಂತೆ ನಡೆಸಿದರು. ಇವೇ ವ್ಯಾಪಾರಿ ಟೋಕನ್‌ಗಳು.

ಕೊರತೆಗೆ ಕಾರಣ

ಬ್ರಿಟನ್ನಿನ ರಾಜ ಟಂಕಸಾಲೆ 1775ರ ನಂತರ ಎರಡು ದಶಕಕ್ಕೂ ಹೆಚ್ಚು ಕಾಲ ದೇಶದ ಬಳಕೆಗೆ ತಾಮ್ರದ ನಾಣ್ಯ ಹೊರತರಲಿಲ್ಲ. ಅದೇ ಹೊತ್ತಿಗೆ ಕಾರ್ಖಾನೆಗಳು ಬೆಳೆದು ಕೂಲಿಕಾರರ ಸಂಖ್ಯೆ ಏರಿತ್ತು. ಪೇಟೆಯಲ್ಲಿ ಖೋಟಾ ನಾಣ್ಯಗಳೇ ತುಂಬಿದ್ದವು. ನಾಲ್ಕಾರು ಕೂಲಿಗಳಿಗೆ ಸೇರಿ ಒಂದೇ ದೊಡ್ಡ ನಾಣ್ಯ ಕೊಡುವುದೂ ಇತ್ತು. ಅದನ್ನು ಮುರಿಸಲು ಅವರು ಹೆಂಡದಂಗಡಿಗೇ ಹೋಗಬೇಕಾಗುತ್ತಿತ್ತು.

1787ರ ಆರಂಭ

ವೇಲ್ಸ್‌ನ ಆಂಗ್ಲೆಸಿ ದ್ವೀಪದಲ್ಲಿ ಪ್ಯಾರಿಸ್ ಎಂಬ ತಾಮ್ರದ ಗಣಿ ಇತ್ತು (ಫ್ರಾನ್ಸಿನ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ). ಥಾಮಸ್ ವಿಲಿಯಮ್ಸ್ ನೇತೃತ್ವದ ಈ ಕಂಪನಿ 1787ರಲ್ಲಿ ಪೆನ್ನಿ ಟೋಕನ್ ಹೊರಡಿಸಿತು. ಒಂದು ಬದಿಗೆ ಪುರಾತನ ಡ್ರೂಯಿಡ್ ಪುರೋಹಿತನ ತಲೆ, ಇನ್ನೊಂದು ಬದಿಗೆ ತಂದವರಿಗೆ ಒಂದು ಪೆನ್ನಿ ಕೊಡುವ ವಾಗ್ದಾನ. ತೂಕ ಸರಿಯಿದ್ದುದರಿಂದ ಜನ ಖೋಟಾ ನಾಣ್ಯಕ್ಕಿಂತ ಇದನ್ನೇ ನಂಬಿದರು. ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್ಸನ್ ತನ್ನ ಮುಖವನ್ನೇ ಅಚ್ಚು ಹಾಕಿಸಿದ. ಬೇಗನೆ ಊರೂರಿನ ವ್ಯಾಪಾರಿಗಳು ಇದೇ ದಾರಿ ಹಿಡಿದರು.

ನಷ್ಟ ಯಾರಿಗೆ?

ಟೋಕನ್ನಿನ ಬೆಲೆ ಹೊರಡಿಸಿದವನ ಮಾತಿನ ಮೇಲೆ ನಿಂತಿತ್ತು. ತೂಕ ಕಡಿಮೆ ಇದ್ದು, ಬದಲು ಹಣ ಕೊಡಬೇಕಾದವನು ಬಾಗಿಲು ಹಾಕಿದರೆ, ಅದನ್ನು ಕೂಲಿಯಾಗಿ ಪಡೆದ ಬಡವನೇ ಕಳೆದುಕೊಳ್ಳುತ್ತಿದ್ದ. ವಿಳಾಸವೇ ಇಲ್ಲದ ಹಗುರ ಬಿಲ್ಲೆಗಳೂ ಬಂದವು.

1797ರಲ್ಲಿ ಮ್ಯಾಥ್ಯೂ ಬೌಲ್ಟನ್ ಸರಕಾರದ ಪರವಾಗಿ ಬರ್ಮಿಂಗ್‌ಹ್ಯಾಮ್ ಬಳಿಯ ತನ್ನ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ಒಂದು ಔನ್ಸ್ ತೂಕದ ಪೆನ್ನಿಗಳನ್ನು ತಯಾರಿಸಿದ. 1811ರ ಸುಮಾರಿಗೆ ಟೋಕನ್‌ಗಳು ಮತ್ತೆ ತಲೆಯೆತ್ತಿದವು. 1817ರ ಕಾನೂನು ಇಂಥ ತಾಮ್ರದ ಟೋಕನ್‌ಗಳನ್ನು ನಿಷೇಧಿಸಿತು.

ನಮ್ಮ ಕಡೆಗೆ ಬಂದ ನಾಣ್ಯ

ಇದೇ ಸೋಹೋ ಟಂಕಸಾಲೆ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಪ್ರಾಂತ್ಯಕ್ಕಾಗಿ 1803 ಮತ್ತು 1808ರ ಇಸವಿಯ ಹತ್ತು, ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳನ್ನು ಮಾಡಿತು. ಕಾಸರಗೋಡು, ಹೊಸೂರು, ಆದೋನಿ, ರಾಯದುರ್ಗ ಆಗ ಇದೇ ಪ್ರಾಂತ್ಯಕ್ಕೆ ಸೇರಿದ್ದವು. 1808ರ ನಾಣ್ಯಗಳನ್ನು ಹೊತ್ತ 'ಅಡ್ಮಿರಲ್ ಗಾರ್ಡ್ನರ್' ಹಡಗು 1809ರಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲೇ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅವುಗಳನ್ನು ರಾಶಿರಾಶಿಯಾಗಿ ಮೇಲೆತ್ತಿದರು. ಹಳೆ ಪೆಟ್ಟಿಗೆಯಲ್ಲಿ ಸಿಂಹದ ಗುರುತು, ಇಂಗ್ಲಿಷ್ ಮತ್ತು ಪಾರಸಿ ಬರಹವಿರುವ ತಾಮ್ರದ ಕಾಸು ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಕ್ಷರ ಸವೆದರೆ ಅದರ ಚರಿತ್ರೆಯೂ ಹೋಗುತ್ತದೆ.