ಧ್ಯಾನಕೂಟ: ಹೆಂಗಸರ ಎರಡು ದಿನದ ಬಿಡುವು

ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಹೊರಟರೆ ದಾರಿಯಲ್ಲಿ ಕಾಮಗೆರೆ ಸಿಕ್ಕುತ್ತದೆ. ಅಲ್ಲಿನ ಹೋಲಿ ಕ್ರಾಸ್ ಆಸ್ಪತ್ರೆಯ ಹೆಸರನ್ನು ಈ ಸೀಮೆಯಲ್ಲಿ ಕೇಳದವರು ವಿರಳ. ಮೈಯ ನೋವಿಗೆ ಆಸ್ಪತ್ರೆಯುಂಟು. ಮನೆಮಂದಿಯ ಆರೈಕೆಯಲ್ಲಿಯೇ ಸವೆದ ಹೆಂಗಸಿನ ಮನದ ದಣಿವಿಗೆ ಎಡೆ ಯಾವುದು? ಕ್ರೈಸ್ತ ಮಹಿಳೆಯರು ವಾರದ ಕೊನೆಯಲ್ಲಿ ಒಂದೆಡೆ ಸೇರಿ ನಡೆಸುವ ಧ್ಯಾನಕೂಟ ಈ ಪ್ರಶ್ನೆಗೆ ದೊರೆತ ಒಂದು ಉತ್ತರ. ಅದಕ್ಕೆ ದೀರ್ಘವಾದ ಚರಿತ್ರೆಯಿದೆ.

ಸಂತ ಇಗ್ನೇಷಿಯಸ್ ಲೊಯೋಲ ರಚಿಸಿದ ಆಧ್ಯಾತ್ಮಿಕ ಸಾಧನೆಯ ಕೈಪಿಡಿಗೆ 1548ರಲ್ಲಿ ಪೋಪರ ಒಪ್ಪಿಗೆ ದೊರೆಯಿತು. ಸುಮಾರು ಮೂವತ್ತು ದಿನ ಮೌನದಲ್ಲಿದ್ದು ಮಾಡುವ ಸಾಧನೆ ಅದು. ಸಂಸಾರಿಗಳಿಗೆ ಅಷ್ಟು ಬಿಡುವೆಲ್ಲಿ? ಕಾಲಕ್ರಮದಲ್ಲಿ ಅವಧಿ ಎಂಟು ದಿನಕ್ಕೂ ಮೂರು ದಿನಕ್ಕೂ ಇಳಿಯಿತು. ಫ್ರಾನ್ಸಿನ ವಾನ್ ಪಟ್ಟಣದಲ್ಲಿ ಗಂಡಸರಿಗೆ ಧ್ಯಾನಮಂದಿರ ಏರ್ಪಟ್ಟ ಮೇಲೆ, ಹೆಂಗಸರಿಗಾಗಿಯೂ ಒಂದನ್ನು ತೆರೆದವಳು ಕ್ಯಾಥರೀನ್ ದ ಫ್ರಾಂಶ್‌ವಿಲ್. ಅದು 17ನೆಯ ಶತಮಾನದ ಉತ್ತರಾರ್ಧ.

ಅದೇ ಕಾಲದಲ್ಲಿ ನಮ್ಮ ಯಳಂದೂರಿನ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದುಕೊಂಡು ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು. ಗೃಹಿಣಿಯ ಕರ್ತವ್ಯಗಳನ್ನು ಹೇಳುತ್ತಲೇ, ಹೆಣ್ಣೆಂದು ಹಳಿಯುವವರನ್ನು ಆಕೆ ತಡೆದು ಪ್ರಶ್ನಿಸಿದಳು. ಇವರಿಬ್ಬರ ಮತ ಬೇರೆ, ದೇಶ ಬೇರೆ. ಹೆಣ್ಣಿನ ಬಾಳಿಗೆ ಬೆಲೆಯುಂಟೆಂಬ ಮಾತು ಎರಡೂ ಕಡೆ ಒಂದೇ.

ನಮ್ಮ ನಾಡಿನಲ್ಲಿ ಈ ಮಾತು ಆಸ್ಪತ್ರೆಯ ಮೂಲಕವೂ ಬಂದಿತು. ಪರಪುರುಷನಾದ ವೈದ್ಯನಿಗೆ ನಾಡಿ ತೋರಿಸಲೂ ಹೆಂಗಸರು ಅಂಜುತ್ತಿದ್ದ ಕಾಲವೊಂದಿತ್ತು. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಮೈಸೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದರು. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆಯಾಯಿತು. 1947ರ ಸೆಪ್ಟೆಂಬರ್ 27ರಂದು ಹಲವು ಪ್ರಾಟೆಸ್ಟೆಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದುವು. ಅದರ ಸೋದರಿಯರು ಬೆಂಗಳೂರಿನಲ್ಲಿ ನಡೆಸಿಕೊಂಡು ಬಂದ ಮನೆಗೆ ವಿಶ್ರಾಂತಿ ನಿಲಯವೆಂದೇ ಹೆಸರು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಹನೂರೂ ಆಗ ಅದರೊಳಗೇ ಇತ್ತು. ಇಂದಿಗೂ ಈ ಸೀಮೆಯ ಕ್ರೈಸ್ತರ ಪ್ರಾರ್ಥನೆಯಲ್ಲಿ ಕನ್ನಡದೊಡನೆ ತಮಿಳೂ ಕೇಳಿಬರುತ್ತದೆ.

ಧ್ಯಾನಕೂಟದಲ್ಲಿ ನಡೆಯುವುದೆಲ್ಲ ಸರಳ: ಬೈಬಲ್ ವಾಚನ, ಮೌನ, ಗೀತೆ, ರೋಗಿಗಳಿಗಾಗಿ ಪ್ರಾರ್ಥನೆ, ಕೂಡಿ ಊಟ. ಮಾರ್ಕನ ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದುದೆಲ್ಲವನ್ನೂ ವೈದ್ಯರಿಗೆ ಸುರಿದ ಹೆಂಗಸೊಬ್ಬಳು ಜನಸಂದಣಿಯಲ್ಲಿ ನುಸುಳಿ ಯೇಸುಸ್ವಾಮಿಯ ಉಡುಪನ್ನು ಮುಟ್ಟಿದಳು, ಗುಣವಾಯಿತು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅಷ್ಟು ಕಾಲ ಅಡಗಿಸಿಟ್ಟುದನ್ನು ಆಕೆ ನಡುಗುತ್ತ ಹೇಳಿಕೊಂಡಳು. ಅವರು ಕೇಳಿ, ಮಗಳೇ ಎಂದು ಕರೆದರು. ಸಂಸ್ಕೃತದಲ್ಲಿ ಸ್ವಸ್ಥ ಎಂದರೆ ತನ್ನಲ್ಲಿ ತಾನು ನೆಲೆಗೊಂಡಿರುವುದು. ರೋಗ ಬಿಟ್ಟ ಮೇಲೆ ಆಕೆ ಸ್ವಸ್ಥಳಾದುದು ಹೀಗೆ.

ಪ್ರಾರ್ಥನೆಯಿದೆಯೆಂದು ಔಷಧವನ್ನು ಬಿಡಬಾರದು. ಪ್ರಾರ್ಥಿಸುವ ಜನರೇ ಈ ಆಸ್ಪತ್ರೆಗಳನ್ನೂ ಕಟ್ಟಿದರೆಂಬುದನ್ನು ನೆನೆದರೆ ಸಾಕು. ಆದರೆ ಮಾತ್ರೆಯಿಂದ ಇಳಿಯದ ಭಾರಗಳೂ ಉಂಟು. ಅವನ್ನು ಕೇಳುವ ಕಿವಿ ಬೇಕು, ಹೇಳುವ ಹೊತ್ತು ಬೇಕು. ಆ ಹೊತ್ತನ್ನು ಕೊಡಬೇಕಾದವರು ಮನೆಯವರು. ಯಾವ ಮತದ ಮನೆಯಾದರೇನು, ಗೃಹಿಣಿ ಎರಡು ದಿನ ಹೊರಗೆ ಹೋಗಿ ಬರುವಾಗ ಒಲೆಯ ಮೇಲೆ ಅನ್ನ ಬೆಂದಿದ್ದರೆ, ಆಕೆ ಅಲ್ಲಿಂದ ತಂದ ನೆಮ್ಮದಿ ಹೊಸಿಲಲ್ಲೇ ಕರಗಿಹೋಗದು.